ಕಾಸರಗೋಡಿನಿಂದ ಮಂಗಳೂರಿಗೆ ಗಾಡಿ ಬಿಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆಯ ಆಸುಪಾಸಿನಲ್ಲಿ 18 ವರ್ಷಗಳಿಂದ ಕಾರು, ಸ್ಕೂಟರು ಕಲಿಸುತ್ತಿದ್ದೇನೆ. ನನ್ನಲ್ಲಿ ಕಲಿತವರು ಹೆಚ್ಚಾಗಿ ಗಾಡಿ ಬಿಡುವುದು ಮಂಗಳೂರಿಗೆ. ಕಾಲೇಜು, ಆಸ್ಪತ್ರೆ, ಕೆಲಸ, ಮದುವೆಯ ಜವಳಿ, ಎಲ್ಲದಕ್ಕೂ ನಮಗೆ ದೊಡ್ಡ ಪೇಟೆ ಅಂದರೆ ಅದೇ. ಕಲಿಯುವಾಗ, ಲೈಸೆನ್ಸ್ ಸಿಕ್ಕಿದ ಮೇಲೆ, ಒಮ್ಮೊಮ್ಮೆ ಏನಾದರೂ ಆದ ಮೇಲೆ ಫೋನ್ ಮಾಡಿ ಅವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ. ಅವು ನನ್ನ ನಿದ್ದೆ ಕೆಡಿಸಿದ ಪ್ರಶ್ನೆಗಳು.

ಊರಲ್ಲಿ ಅಷ್ಟು ಚೆನ್ನಾಗಿ ಗಾಡಿ ಬಿಡುವವರು ಮಂಗಳೂರು ಮುಟ್ಟಿದ ಕೂಡಲೇ ಯಾಕೆ ಬದಲಾಗುತ್ತಾರೆ?

ಇದನ್ನು ನಾನು ಕಣ್ಣಾರೆ ಕಂಡದ್ದು ನನ್ನದೇ ಒಬ್ಬ ಶಿಷ್ಯನಲ್ಲಿ. ಬದಿಯಡ್ಕ ರಸ್ತೆಯಲ್ಲಿ ಎದುರಿನಿಂದ ಜೀಪು ಬಂದರೆ ತಾನೇ ಬದಿಗೆ ನಿಲ್ಲಿಸಿ, ಒಂದು ಕೈ ಎತ್ತಿ, ಅವರು ಹೋದ ಮೇಲೆ ಹೊರಡುವ ಹುಡುಗ. ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅದೇ ಹುಡುಗನ ಪಕ್ಕದಲ್ಲಿ ಒಂದು ದಿನ ಪಂಪ್‌ವೆಲ್‌ನಿಂದ ನಂತೂರಿನ ಕಡೆಗೆ ಕೂತು ಹೋದೆ. ಎಡದಿಂದ ನುಗ್ಗಿದ, ಬಸ್ಸಿನ ಮೂತಿಗೆ ಅಡ್ಡ ಹಾಕಿದ, ರಸ್ತೆ ದಾಟಲು ಕಾಲಿಟ್ಟ ಒಬ್ಬ ಅಜ್ಜನಿಗೆ ಹಾರ್ನ್ ಹಾಕಿ ಹಿಂದಕ್ಕೆ ಕಳುಹಿಸಿದ. ಆ ಅಜ್ಜನ ಒಂದು ಕೈಯಲ್ಲಿ ಎಕ್ಸ್‌ರೇ ಕವರ್ ಇತ್ತು, ಇನ್ನೊಂದು ಕೈ ಡಿವೈಡರಿನ ಕಂಬ ಹಿಡಿದಿತ್ತು.

ಬದಿಗೆ ನಿಲ್ಲಿಸಲು ಹೇಳಿದೆ. "ಆ ಅಜ್ಜ ನಿನ್ನ ಊರಿನವರಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಲ್ಲಾದರೆ ಎಲ್ಲರಿಗೂ ಗುರುತು ಇರುತ್ತದಲ್ಲ ಮಾಸ್ಟ್ರೇ" ಎಂದ.

ನನಗೆ ಗೊತ್ತಿರುವ ಕಾರಣ ಅದೊಂದೇ. ಊರಿನ ರಸ್ತೆಯಲ್ಲಿ ಎದುರು ಬರುವವರು ಯಾರ ಮಗ, ಯಾರ ಅಳಿಯ ಎಂದು ನಮಗೆ ಗೊತ್ತು, ಅವರಿಗೂ ನಾವು ಗೊತ್ತು. ತಪ್ಪು ಮಾಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಪೇಟೆಯಲ್ಲಿ ಆ ಹಂಗು ಇಲ್ಲ. ಕಾರಿನ ಗಾಜು ಏರಿಸಿದರೆ ನಾವು ಯಾರೂ ಅಲ್ಲ, ಹೊರಗಿನವರೂ ಯಾರೂ ಅಲ್ಲ. ಎದುರಿಗಿರುವುದು ಒಂದು ಸ್ಕೂಟರು, ಒಂದು ಆಟೋ, ಒಂದು ಅಡ್ಡಿ. ಅದರ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಮರೆತೇ ಹೋಗುತ್ತದೆ.

ಎಲ್ಲರೂ ನುಗ್ಗುವಾಗ ನಾನೊಬ್ಬ ನಿಂತರೆ ಏನು ಪ್ರಯೋಜನ?

ಪ್ರಯೋಜನ ದಾಟುತ್ತಿರುವ ಒಬ್ಬರಿಗೆ ಖಂಡಿತ ಇದೆ. ನೀವು ನಿಂತರೆ ಹಿಂದಿನವರೂ ನಿಲ್ಲಲೇಬೇಕು, ಒಂದು ಸಾಲು ನಿಂತಂತಾಯಿತು. ಹಿಂದಿನಿಂದ ಹಾರ್ನ್ ಬರುತ್ತದೆ ನಿಜ. ಹಾರ್ನಿಗೆ ಹೆದರಿ ಮುಂದೆ ಹೋದವರು ಅಪಘಾತ ಮಾಡಿದರೆ ಹಾರ್ನ್ ಹಾಕಿದವರು ಸ್ಟೇಷನ್ನಿಗೆ ಬರುವುದಿಲ್ಲ. ಕೇಸು ಸ್ಟೇರಿಂಗ್ ಹಿಡಿದವರ ಮೇಲೆ.

ಸರ್ಕಲ್ ವಿಷಯದಲ್ಲಿ ಒಂದು ನಿಯಮ ಹೆಚ್ಚಿನವರಿಗೆ ಗೊತ್ತೇ ಇಲ್ಲ. 2017ರ ಚಾಲನಾ ನಿಯಮಗಳ ಪ್ರಕಾರ, ಸರ್ಕಲ್ ಒಳಗೆ ಈಗಾಗಲೇ ತಿರುಗುತ್ತಿರುವ ಗಾಡಿಗೆ ಮೊದಲ ಹಕ್ಕು. ಹೊರಗಿನಿಂದ ಬರುವವರು ಕಾಯಬೇಕು. ನಂತೂರಿನಲ್ಲಿ ನಾಲ್ಕೂ ಕಡೆಯಿಂದ ಒಮ್ಮೆಲೇ ಮೂತಿ ತೂರಿಸಿದರೆ ಮಧ್ಯದಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಯಾರದೋ ಆಫೀಸು ತಡವಾಗುವುದು ಹಾಗಿರಲಿ, ಆ ಬ್ಲಾಕ್‌ನ ಹಿಂದೆ ಆಂಬುಲೆನ್ಸ್ ಇದ್ದರೆ ಅದರೊಳಗಿನವರ ಗತಿ ಏನು?

ಸ್ವಲ್ಪ ಸ್ಪೀಡಿನಲ್ಲಿ ಹೋದರೆ ಎಷ್ಟು ಸಮಯ ಉಳಿಯುತ್ತದೆ?

ಲೆಕ್ಕ ಹಾಕೋಣ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಎಲ್ಲೂ ನಿಲ್ಲದೆ ಗಂಟೆಗೆ 60ರಲ್ಲಿ ಹೋದರೆ 50 ನಿಮಿಷ, 80ರಲ್ಲಿ ಹೋದರೆ ಮೂವತ್ತೇಳೂವರೆ. ಉಳಿಯುವುದು ಹನ್ನೆರಡೂವರೆ ನಿಮಿಷ, ಅದೂ ಒಂದು ಸಲವೂ ಬ್ರೇಕ್ ಮುಟ್ಟದಿದ್ದರೆ. ಟೋಲ್, ತೊಕ್ಕೊಟ್ಟು, ಪಂಪ್‌ವೆಲ್ ಸೇರಿ ಆ ಹನ್ನೆರಡು ನಿಮಿಷವನ್ನೂ ನುಂಗಿಬಿಡುತ್ತವೆ. ಹೊಸಂಗಡಿಯಲ್ಲಿ ನಿಮ್ಮನ್ನು ಹಿಂದೆ ಹಾಕಿ ಹಾರಿದ ಕಾರು ತೊಕ್ಕೊಟ್ಟಿನಲ್ಲಿ ನಿಮ್ಮ ಮುಂದೆಯೇ ನಿಂತಿರುವುದನ್ನು ಎಷ್ಟು ಸಲ ನೋಡಿಲ್ಲ?

ಇನ್ನೊಂದು ಲೆಕ್ಕ ಇದೆ, ಅದನ್ನು ನಾನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇನೆ. 60ರ ವೇಗ ಅಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಜಾಸ್ತಿ. ಎದುರು ಏನೋ ಬಂತೆಂದು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಒತ್ತುವ ಮೊದಲೇ 25 ಮೀಟರ್ ಕಳೆಯಿತು. ಒತ್ತಿದ ಮೇಲೆ ಒಣ ರಸ್ತೆಯಲ್ಲಿ, ಒಳ್ಳೆಯ ಟಯರಿನಲ್ಲಿ ಇನ್ನೂ ಸುಮಾರು 20 ಮೀಟರ್. ಒಟ್ಟು 45, ಸುಮಾರು ನಾಲ್ಕು ಬಸ್ಸು ಸಾಲಾಗಿ ನಿಂತಷ್ಟು ಉದ್ದ. 80ರಲ್ಲಿ ಅದು 68 ಮೀಟರ್, ಆರು ಬಸ್ಸು. ವೇಗ ಹೆಚ್ಚಾದದ್ದು ಮೂರನೇ ಒಂದು ಪಾಲು, ನಿಲ್ಲಲು ಬೇಕಾದ ಜಾಗ ಅರ್ಧಕ್ಕರ್ಧ ಹೆಚ್ಚಿತು. ಜೂನ್ ತಿಂಗಳ ಮಳೆಯಲ್ಲಿ ಇದು ಇನ್ನೂ ಉದ್ದವಾಗುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವು ಅತಿವೇಗದ ಲೆಕ್ಕದಲ್ಲಿ ಬಿದ್ದಿದೆ. ಸತ್ತವರಲ್ಲಿ ಅತಿ ಹೆಚ್ಚು ಮಂದಿ ದ್ವಿಚಕ್ರ ವಾಹನದವರು.

ಕೇರಳದಲ್ಲಿ ಬೈಕಿಗೆ ಎಷ್ಟು ಸ್ಪೀಡ್ ಮಿತಿ?

2023ರ ಜುಲೈ 1ರಿಂದ ಗರಿಷ್ಠ 60. ಅದಕ್ಕೆ ಮೊದಲು 70 ಇತ್ತು. ನಗರದೊಳಗೆ ಯಾವ ಗಾಡಿಗೂ 50. ತಲಪಾಡಿ ದಾಟಿದ ಮೇಲೆ ಕರ್ನಾಟಕದ ಬೋರ್ಡು ಏನು ಹೇಳುತ್ತದೋ ಅದು.

ಕಾನೂನು ಯಾವುದನ್ನು ಅಪಾಯಕಾರಿ ಚಾಲನೆ ಎಂದು ಕರೆಯುತ್ತದೆ? ಯಾರಿಗೂ ತಾಗದಿದ್ದರೂ ಕೇಸಾಗುತ್ತದೆಯೇ?

ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ ಯಾರಾದರೂ ಬಿದ್ದು ಗಾಯ ಆಗಲೇಬೇಕೆಂದಿಲ್ಲ. 2019ರ ತಿದ್ದುಪಡಿಯ ನಂತರ ಕೆಂಪು ಸಿಗ್ನಲ್ ಹಾರುವುದು, ಕೈಯಲ್ಲಿ ಮೊಬೈಲ್ ಹಿಡಿದು ಬಿಡುವುದು, ತಪ್ಪು ಜಾಗದಲ್ಲಿ ಓವರ್‌ಟೇಕ್ ಮಾಡುವುದು, ರಾಂಗ್ ಸೈಡಿನಲ್ಲಿ ಬರುವುದು ಎಲ್ಲವೂ ಅದರೊಳಗೇ ಬರುತ್ತವೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದ ಸಜೆ ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಸಜೆ ಅಥವಾ 10,000 ದಂಡ. ಕೋರ್ಟಿಗೆ ಹೋಗದೆ ರಾಜಿ ದಂಡ ಕಟ್ಟಿ ಮುಗಿಸುವಾಗ ಮೊತ್ತ ರಾಜ್ಯಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಇರುತ್ತದೆ.

ಅಜಾಗರೂಕತೆಯಿಂದ ಒಬ್ಬರು ಸತ್ತರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು. ಹಳೆಯ ಕಾನೂನಿನಲ್ಲಿ ಅದು ಎರಡೇ ವರ್ಷ ಇತ್ತು.

ಹೈವೇ ಆರು ಲೈನ್ ಆದ ಮೇಲೆ ಯು ಟರ್ನ್ ದೂರ ಹೋಗಿದೆ. ಸರ್ವಿಸ್ ರೋಡಿನಲ್ಲಿ ನಾಲ್ಕು ಹೆಜ್ಜೆ ರಾಂಗ್ ಸೈಡ್ ಬಂದರೆ ಏನಾಯಿತು?

ಈಗ ಅತಿ ಹೆಚ್ಚು ಜಗಳ ಆಗುವುದೇ ಈ ಪ್ರಶ್ನೆಗೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಅಗಲವಾದ ಮೇಲೆ ಎಷ್ಟೋ ಮನೆಗಳಿಗೆ ಎದುರಿನ ಅಂಗಡಿಯೇ ದೂರದ ಊರಾಯಿತು. ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕು. ಈ ಕಷ್ಟ ನನಗೂ ಗೊತ್ತು, ನನ್ನ ಮನೆಯವರು ಹಾಲು ತರಲು ಸುತ್ತಿಕೊಂಡೇ ಹೋಗುತ್ತಾರೆ. ಆದರೆ ಸರ್ವಿಸ್ ರೋಡಿಗೆ ಗೇಟಿನಿಂದ ಕಾರು ಹೊರಗೆ ತೆಗೆಯುವವರು ಒಂದೇ ಕಡೆ ನೋಡುತ್ತಾರೆ, ಗಾಡಿ ಬರಬೇಕಾದ ಕಡೆ. ನೀವು ಬರುವುದು ಇನ್ನೊಂದು ಕಡೆಯಿಂದ. ಅವರು ನಿಮ್ಮನ್ನು ನೋಡುವುದೇ ಇಲ್ಲ. ರಾತ್ರಿಯಾದರೆ ನಿಮ್ಮ ಲೈಟು ಅವರ ಕಣ್ಣಿಗೇ ಬೀಳುತ್ತದೆ.

ಅಷ್ಟಕ್ಕೂ ಸುತ್ತಿ ಬಂದರೆ ಹೆಚ್ಚೆಂದರೆ ಐದಾರು ನಿಮಿಷ. ಸ್ಕೂಟರಾದರೆ ಇಳಿದು ತಳ್ಳಿಕೊಂಡು ಬನ್ನಿ, ಇಳಿದು ತಳ್ಳುವವರು ನಡೆದುಹೋಗುವವರ ಹಾಗೆ.

ರಸ್ತೆಯೇ ಸರಿ ಇಲ್ಲ. ಹೊಂಡ, ಬೋರ್ಡಿಲ್ಲದ ತಿರುವು, ಅರ್ಧಕ್ಕೆ ಬಿಟ್ಟ ಕಾಮಗಾರಿ. ಎಲ್ಲ ಡ್ರೈವರ್ ತಲೆಗೆ ಕಟ್ಟುವುದು ನ್ಯಾಯವೇ?

ನ್ಯಾಯ ಅಲ್ಲ. ರಸ್ತೆಯ ವಿನ್ಯಾಸ, ನಿರ್ವಹಣೆ ಕೆಟ್ಟು ಸಾವು ನೋವಾದರೆ ಗುತ್ತಿಗೆದಾರರು, ಅಧಿಕಾರಿಗಳು ಹೊಣೆ ಎಂದು ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಹೇಳುತ್ತದೆ, ಒಂದು ಲಕ್ಷದವರೆಗೆ ದಂಡ ಇದೆ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ ದೂರು ಬರೆಸಿ, ಪಂಚಾಯತ್ ಸದಸ್ಯರಿಗೂ ಹೇಳಿ. ನಾನು ಹೇಳಿಸುತ್ತಲೇ ಇದ್ದೇನೆ.

ಹಾಗೆಂದು ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ದಾರಿಯಲ್ಲಿ ಹೊಂಡ ಇದೆ ಎಂದು ಗೊತ್ತಿದ್ದವನು ಇನ್ನೂ ನಿಧಾನ ಹೋಗಬೇಕಲ್ಲವೇ? ಹೊಸ ರಸ್ತೆ ನುಣ್ಣಗಾದಲ್ಲಿ ಜನ ಹೆಚ್ಚು ಜಾಗ್ರತೆಯಿಂದ ಹೋಗುತ್ತಿದ್ದಾರೆಯೇ ಎಂದು ಮೊಗ್ರಾಲ್ ಸೇತುವೆಯ ಹತ್ತಿರ ಅರ್ಧ ಗಂಟೆ ನಿಂತು ನೋಡಿ.

ಪೇಟೆಯಲ್ಲಿ ಅಪಾಯ ಮಾಡುವುದು ಬಸ್ಸಿನವರು. ಅವರನ್ನು ಯಾರೂ ಕೇಳುವುದಿಲ್ಲ ಯಾಕೆ?

ಕೇಳಬೇಕು. ಹಿಂದಿನ ಬಸ್ಸು ಬರುವುದರೊಳಗೆ ಮುಂದಿನ ಸ್ಟಾಪಿನ ಜನರನ್ನು ತುಂಬಿಸಿಕೊಳ್ಳಬೇಕು ಎನ್ನುವ ಟೈಮಿಂಗ್ ಪೈಪೋಟಿ ಡ್ರೈವರನ ಎದೆಯ ಮೇಲೆ ಕೂತಿರುತ್ತದೆ. ಕಲೆಕ್ಷನ್ ಮೇಲೆ ಸಂಬಳ ನಿಂತರೆ ಎಕ್ಸಲರೇಟರ್ ಒತ್ತುವುದು ಮಾಲೀಕರ ಕಾಲೂ ಹೌದು. ಮಗ ಬಾಗಿಲಲ್ಲಿ ನೇತಾಡುತ್ತಿದ್ದರೆ, ಅಮ್ಮ ಇಳಿಯುವ ಮೊದಲೇ ಬಸ್ಸು ಹೊರಟರೆ, ನಂಬರು ಬರೆದು ಆರ್‌ಟಿಒ ಆಫೀಸಿಗೆ ದೂರು ಕೊಡಿ. ಮತ್ತೆ, ನಾವು ಬಸ್ಸಿನೊಳಗೆ ಕೂತಾಗ "ಸ್ವಲ್ಪ ಬೇಗ ಬಿಡಿ ಮಾರಾಯ್ರೇ, ಟ್ರೈನ್ ಉಂಟು" ಎನ್ನುವುದನ್ನು ನಿಲ್ಲಿಸಬೇಕು.

ಗಲ್ಫಿನಲ್ಲಿ ಹತ್ತು ವರ್ಷ ಒಂದು ಫೈನ್ ಇಲ್ಲದೆ ಗಾಡಿ ಬಿಟ್ಟವರು ಇಲ್ಲಿ ಬಂದು ಹೀಗೇಕೆ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳದ ಮನೆ ಕಡಿಮೆ. ಅಲ್ಲಿ ರೇಡಾರ್ ಇದೆ, ಯುಎಇಯಲ್ಲಾದರೆ ತಪ್ಪಿಗೆ ಬೀಳುವ ಬ್ಲ್ಯಾಕ್ ಪಾಯಿಂಟ್ 24 ತುಂಬಿದರೆ ಲೈಸೆನ್ಸ್ ಅಮಾನತು. ಲೈಸೆನ್ಸ್ ಹೋದರೆ ಕೆಲಸ ಹೋಗುತ್ತದೆ. ಹೆದರಿಕೆ ಇರುವಷ್ಟು ದಿನ ಶಿಸ್ತು ಇತ್ತು, ವಿಮಾನ ಇಳಿದ ಕೂಡಲೇ ಹೆದರಿಕೆಯೂ ಇಳಿಯಿತು.

ಇಲ್ಲೂ ಕ್ಯಾಮೆರಾ ಬಂದಿದೆ. 2023ರ ಜೂನ್ 5ರಿಂದ ಕೇರಳದಾದ್ಯಂತ 726 ಕ್ಯಾಮೆರಾಗಳ ಯೋಜನೆಯಲ್ಲಿ ದಂಡ ಹಾಕುವುದು ಶುರುವಾಯಿತು. ಬಂದ ಮೇಲೆ ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಏರಿತು, ಅದು ನಿಜವಾದ ಲಾಭ. ಆದರೆ ಕ್ಯಾಮೆರಾ ಕಂಬದ ಬಳಿ ಸೀಟ್ ಬೆಲ್ಟ್ ಎಳೆದು ಹಿಡಿದು, ದಾಟಿದ ಮೇಲೆ ಬಿಟ್ಟುಬಿಡುವವರನ್ನು ನಾನು ಪಕ್ಕದ ಸೀಟಿನಿಂದಲೇ ನೋಡಿದ್ದೇನೆ. ಬೆಲ್ಟ್ ಇರುವುದು ಎದೆಗೆ, ಕಂಬಕ್ಕೆ ತೋರಿಸಲಿಕ್ಕೆ ಅಲ್ಲ ಎಂದು ಆಗ ಹೇಳಿದೆ. ಈಗಲೂ ಹೇಳುತ್ತಿದ್ದೇನೆ.

ನಮ್ಮದು ಕೆಎಲ್ 14, ಅಂದರೆ ಕಾಸರಗೋಡು ನೋಂದಣಿಯ ಗಾಡಿ. ಕರ್ನಾಟಕದ ಫೈನ್ ಕಟ್ಟದಿದ್ದರೆ ಏನಾಗುತ್ತದೆ?

ಗಡಿ ದಾಟಿದರೆ ಫೈನ್ ಅಳಿಸಿಹೋಗುತ್ತದೆ ಎಂಬುದು ಹಳೆಯ ಕಾಲದ ಮಾತು. ಇ ಚಲನ್ ಗಾಡಿಯ ನಂಬರಿಗೆ ಅಂಟಿಕೊಳ್ಳುತ್ತದೆ, ಕಟ್ಟದಿದ್ದರೆ ಕೋರ್ಟಿಗೆ ಹೋಗುತ್ತದೆ. ನಿಮ್ಮ ಹಳೆಯ ಮೊಬೈಲ್ ನಂಬರು ಆರ್‌ಸಿಯಲ್ಲಿದ್ದರೆ ಮೆಸೇಜು ಬಂದದ್ದೇ ಗೊತ್ತಾಗುವುದಿಲ್ಲ, ಆದ್ದರಿಂದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರು ಸರಿ ಮಾಡಿಕೊಳ್ಳಿ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಜನ ಕ್ಯೂ ನಿಂತು ಕಟ್ಟಿದರು. ನನಗೆ ಅದು ಇಷ್ಟವಾಗಲಿಲ್ಲ. ಸಿಗ್ನಲ್ ಹಾರಿದವನಿಗೆ ದೀಪಾವಳಿ ಸೀರೆಯ ಹಾಗೆ ಡಿಸ್ಕೌಂಟ್ ಕೊಟ್ಟರೆ, ಸಿಗ್ನಲಿನಲ್ಲಿ ನಿಂತವನಿಗೆ ಏನು ಹೇಳಿದ ಹಾಗಾಯಿತು?

ಡ್ರೈವ್ ಮಾಡುವಾಗ ಮೊಬೈಲಿನಲ್ಲಿ ಮ್ಯಾಪ್ ನೋಡಬಹುದೇ?

ಸ್ಟ್ಯಾಂಡಿನಲ್ಲಿಟ್ಟು ದಾರಿ ನೋಡಬಹುದು, ಹೊರಡುವ ಮೊದಲೇ ಊರು ಹಾಕಿಡಿ. ಕೈಯಲ್ಲಿ ಹಿಡಿಯಬಾರದು, ಟೈಪ್ ಮಾಡಬಾರದು. 60ರಲ್ಲಿ ಮೂರು ಸೆಕೆಂಡ್ ವಾಟ್ಸಾಪ್ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ.

ಮದುವೆ ಮನೆಯಲ್ಲಿ ಸ್ವಲ್ಪವೇ ಕುಡಿದದ್ದು, ಸ್ಟೆಡಿ ಇದ್ದೇನೆ. ಬಿಡಬಹುದೇ?

ಬೇಡ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಸಿಕ್ಕಿದರೆ ಅಪರಾಧ, ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. "ಸ್ಟೆಡಿ ಇದ್ದೇನೆ" ಎಂದು ಹೇಳುವುದೇ ಕುಡಿದ ಬಾಯಿ, ಅದರ ಸಾಕ್ಷಿಯನ್ನು ನಂಬಬೇಡಿ.

ಇದರ ಜೊತೆ ನಿದ್ದೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದಕ್ಕೆ ಯಂತ್ರವೂ ಇಲ್ಲ, ಪೊಲೀಸರೂ ಹಿಡಿಯುವುದಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ, ಕೋಲ ಮುಗಿಸಿ, ಬೆಳಗ್ಗೆ ಆರಕ್ಕೆ ಅಲ್ಲಿಂದಲೇ ಮಂಗಳೂರಿಗೆ ಕೆಲಸಕ್ಕೆ ಕಾರು ಬಿಡುವವರು ನಮ್ಮಲ್ಲಿ ಬಹಳ. ಕಣ್ಣು ತೆರೆದೇ ಇರುತ್ತದೆ, ತಲೆ ಮಲಗಿರುತ್ತದೆ. ನನ್ನ ಹತ್ತಿರದ ಒಬ್ಬರು ಉಪ್ಪಳದಿಂದ ಹೊಸಂಗಡಿಯವರೆಗೆ ಹೇಗೆ ಬಂದೆ ಎಂದೇ ನೆನಪಿಲ್ಲ ಎಂದರು. ಚಂಡೆಯ ಸದ್ದು ಕಿವಿಯಲ್ಲೇ ಇತ್ತಂತೆ. ಬಸ್ಸಿಗೆ ಹೋಗಿ. ಇಲ್ಲವಾದರೆ ಸೀಟು ಹಿಂದಕ್ಕೆ ಮಾಡಿ ಇಪ್ಪತ್ತು ನಿಮಿಷ ಮಲಗಿ ಹೊರಡಿ.

ಮಗನಿಗೆ 16 ವರ್ಷ. ಹತ್ತಿರದ ಅಂಗಡಿಗೆ ಮಾತ್ರ ಸ್ಕೂಟರ್ ಕೊಟ್ಟರೆ ಸಾಲದೇ?

ಕೊಡಬೇಡಿ. 16 ತುಂಬಿದವರಿಗೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ. ನಿಮ್ಮ ಮನೆಯ ಸ್ಕೂಟರ್ 110 ಅಥವಾ 125 ಸಿಸಿ ಇರುತ್ತದೆ, ಅದಕ್ಕೆ 18 ಆಗಲೇಬೇಕು.

199ಎ ಸೆಕ್ಷನ್ ಓದಿ ಹೇಳಿದಾಗ ಅಪ್ಪಂದಿರ ಮುಖ ಬದಲಾಗುವುದನ್ನು ನೋಡಿದ್ದೇನೆ. ಅಪ್ರಾಪ್ತರು ಗಾಡಿ ಬಿಟ್ಟು ಅಪರಾಧವಾದರೆ ಹೆತ್ತವರು ಅಥವಾ ಗಾಡಿಯ ಮಾಲೀಕರು ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಾಯಗೊಂಡವರಿಗೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನೂ ನಿಮ್ಮಿಂದಲೇ ವಸೂಲು ಮಾಡಬಹುದು.

ಹತ್ತಿರದ ಅಂಗಡಿಗೆ ಹೋದ ಹುಡುಗ ಪ್ಲಸ್ ಟು ಮುಗಿಯುವಾಗ ತಲಪಾಡಿ ದಾಟಿ ಹೋಗಿರುತ್ತಾನೆ. ಕೀ ಕೊಟ್ಟ ಕೈ ಯಾವುದು ಎಂದು ಕೋರ್ಟು ಕೇಳುವ ಮೊದಲು ಮನೆಯಲ್ಲೇ ಕೇಳಿಕೊಳ್ಳಿ.

ಹಿಂದೆ ಕೂತವರಿಗೂ, ಮಕ್ಕಳಿಗೂ ಹೆಲ್ಮೆಟ್ ಬೇಕೇ?

ನಾಲ್ಕು ವರ್ಷ ಮೀರಿದ ಎಲ್ಲರಿಗೂ ಬೇಕು. ಅದಕ್ಕಿಂತ ಸಣ್ಣ ಮಗುವಾದರೆ ಮಗುವಿಗೆ ತಕ್ಕ ಹೆಲ್ಮೆಟ್, ಚಾಲಕರಿಗೆ ಕಟ್ಟುವ ಪಟ್ಟಿ ಇರಬೇಕು, ವೇಗ 40 ಮೀರಬಾರದು. ಬಕಲ್ ಹಾಕದ ಹೆಲ್ಮೆಟ್ ತಲೆಗಿಂತ ಮೊದಲು ರಸ್ತೆಗೆ ಬೀಳುತ್ತದೆ.

ನನ್ನಿಂದಲೇ ಅಪಘಾತ ಆದರೆ ಏನು ಮಾಡಬೇಕು? ನಿಂತರೆ ಜನ ಹೊಡೆಯುತ್ತಾರಲ್ಲ?

ಇದಕ್ಕೆ ನನ್ನ ಕಥೆಯನ್ನೇ ಹೇಳುತ್ತೇನೆ. ಈ ಕೆಲಸ ಶುರು ಮಾಡಿದ ಮೊದಲ ವರ್ಷಗಳು. ಮಳೆಗಾಲ, ಸಂಜೆ ಆರೂವರೆ, ತೊಕ್ಕೊಟ್ಟು. ಎಡಕ್ಕೆ ಹತ್ತಿರ ಹೋದೆ. ಕಾರಿನ ಎಡಗಡೆಯ ಕನ್ನಡಿ ಒಂದು ಸೈಕಲ್ಲಿನ ಹ್ಯಾಂಡಲ್‌ಗೆ ತಾಗಿತು. ಟಕ್ ಎಂದು ಸಣ್ಣ ಶಬ್ದ. ಮಡಚಿಹೋದ ಕನ್ನಡಿಯ ಮೂಲೆಯಲ್ಲಿ ಒಬ್ಬರು ಬದಿಗೆ ಬೀಳುವುದು ಕಂಡಿತು.

ನಾನು ನಿಲ್ಲಲಿಲ್ಲ. ಸುಮಾರು 200 ಮೀಟರ್ ಹೋದೆ. ಆ 200 ಮೀಟರಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ, ನನ್ನ ಕೆಎಲ್ 14 ನಂಬರನ್ನು ಯಾರಾದರೂ ನೋಡಿದರೋ ಇಲ್ಲವೋ. ಬಿದ್ದವರು ಹೇಗಿದ್ದಾರೆ ಎಂಬುದು ಆಮೇಲೆ ಬಂತು. ಮಕ್ಕಳಿಗೆ ಗಾಡಿ ಕಲಿಸುವವನಿಗೆ ಅದು ಆಮೇಲೆ ಬಂತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ನಿಲ್ಲಿಸಿ ಮಳೆಯಲ್ಲಿ ನಡೆದುಕೊಂಡು ಹಿಂದೆ ಬಂದೆ. ಅಂಗಡಿಯವರು ಅವರನ್ನು ಮೆಟ್ಟಿಲ ಮೇಲೆ ಕೂರಿಸಿದ್ದರು. ನನಗಿಂತ ಹಿರಿಯರು, ಕಟ್ಟಡ ಕೆಲಸದಿಂದ ಮನೆಗೆ ಹೊರಟವರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಸ್ಟೀಲಿನ ಬುತ್ತಿ ರಸ್ತೆಗೆ ಉರುಳಿ ಅದರ ಮುಚ್ಚಳದ ಮೇಲೆ ಯಾವುದೋ ಚಕ್ರ ಹೋಗಿತ್ತು. ಅವರು ಆ ಚಪ್ಪಟೆಯಾದ ಮುಚ್ಚಳವನ್ನು ಬುತ್ತಿಗೆ ಒತ್ತಿ ಒತ್ತಿ ಕೂರಿಸಲು ನೋಡುತ್ತಿದ್ದರು, ಅದು ಕೂರುತ್ತಿರಲಿಲ್ಲ. ಯಾರೂ ನನ್ನನ್ನು ಹೊಡೆಯಲಿಲ್ಲ. "ಎಲ್ಲಿಯವರು?" ಎಂದು ತುಳುವಿನಲ್ಲಿ ಕೇಳಿದರು. ಕುಂಬಳೆ ಎಂದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಟ್ಟು ಹಾಕಿಸಿ, ಠಾಣೆಗೆ ತಿಳಿಸಿ, ಮನೆಗೆ ಬಿಟ್ಟು ಬಂದೆ.

ಕಾನೂನು ಹೇಳುವುದೂ ಅದನ್ನೇ. 134ನೇ ಸೆಕ್ಷನ್ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕರ ಕರ್ತವ್ಯ. ಜನರ ಗುಂಪು ಸಿಟ್ಟಿನಲ್ಲಿದೆ, ನಿಲ್ಲಲು ಸಾಧ್ಯವೇ ಇಲ್ಲ ಎಂದಾದರೆ ಕಾನೂನು ಅದನ್ನೂ ಅರ್ಥ ಮಾಡಿಕೊಳ್ಳುತ್ತದೆ. ಆಗ ನೇರ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, 112ಕ್ಕೆ ಕರೆ ಮಾಡಿ. ಹೇಗಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆಯಬೇಕು. ಮನೆಗೆ ಹೋಗಿ ಕಾರು ತೊಳೆದು ಟರ್ಪಾಲು ಹೊದಿಸುವುದಕ್ಕೆ ಯಾವ ಸೆಕ್ಷನ್ನಿನಲ್ಲೂ ಜಾಗ ಇಲ್ಲ.

ಯಾರೋ ಬಿದ್ದಿದ್ದರೆ ಎತ್ತಿ ಆಸ್ಪತ್ರೆಗೆ ಕೊಂಡುಹೋದರೆ ನಮ್ಮ ಮೇಲೆ ಕೇಸ್ ಬರುತ್ತದೆಯೇ?

ಬರುವುದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿತು, 2019ರ ತಿದ್ದುಪಡಿಯಲ್ಲಿ 134ಎ ಎಂದು ಕಾಯ್ದೆಗೇ ಸೇರಿತು. ಸದ್ಭಾವನೆಯಿಂದ ಸಹಾಯ ಮಾಡಿದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಆಸ್ಪತ್ರೆಯವರು ಹಣ ಕಟ್ಟಿ ಎಂದು ನಿಮ್ಮನ್ನು ಹಿಡಿದು ನಿಲ್ಲಿಸುವಂತಿಲ್ಲ. 2025ರಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಅದರ ಹೆಸರೆತ್ತಿ ಕೇಳಿ.

ಬಿದ್ದವರ ಕುತ್ತಿಗೆ, ಬೆನ್ನು ತಿರುಚದಂತೆ ಜಾಗ್ರತೆ ಮಾಡಿ. ಬೆಂಕಿ, ಗಾಡಿ ನುಗ್ಗುವ ಭಯ ಇಲ್ಲದಿದ್ದರೆ 108ಕ್ಕೆ ಕಾಯುವುದೇ ಒಳ್ಳೆಯದು. ವಿಡಿಯೋ ಮಾಡುತ್ತ ನಿಂತವರಲ್ಲಿ ಒಬ್ಬರಿಗೆ ಗಾಡಿಗಳನ್ನು ಬದಿಗೆ ಕಳುಹಿಸುವ ಕೆಲಸ ಕೊಡಿ, ಮಾಡುತ್ತಾರೆ.

ಆಂಬುಲೆನ್ಸಿಗೆ ದಾರಿ ಬಿಡಲು ಸಿಗ್ನಲ್ ದಾಟಿದರೆ ತಪ್ಪೇ?

ಕೆಂಪಿನಲ್ಲಿ ಕುರುಡಾಗಿ ನುಗ್ಗಬೇಡಿ, ಆದಷ್ಟು ಎಡಕ್ಕೆ ಸರಿದು ಜಾಗ ಮಾಡಿ. ದಾರಿ ಬಿಡದಿದ್ದರೆ 194ಇ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಆಂಬುಲೆನ್ಸಿನ ಬಾಲ ಹಿಡಿದು ಹೋಗುವವರು ಬ್ಲಾಕ್ ದಾಟಬಹುದು, ಅವರ ಮೈಗೆ ನಾಚಿಕೆ ಇರಬೇಕು.

ಕಾಸರಗೋಡಿನವರಿಗೆ ಇದನ್ನು ಹೇಳಿಕೊಡಬೇಕೇ? 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸುಗಳು ನಿಂತುಹೋದವು, ಒಳಗಿದ್ದವರು ಸತ್ತರು. ಆಗ ನಾವೆಲ್ಲ ಎದೆ ಬಡಿದುಕೊಂಡೆವು. ಅದೇ ನಾವು ಇವತ್ತು ಪಂಪ್‌ವೆಲ್‌ನಲ್ಲಿ ಒಂದು ಗಾಡಿ ಜಾಗಕ್ಕಾಗಿ ಸೈರನ್ನಿನ ಮುಂದೆ ಅಡ್ಡ ನಿಲ್ಲುವುದನ್ನು ನೋಡಿದಾಗ ನನಗೆ ಮಾತೇ ಹೊರಡುವುದಿಲ್ಲ.

ಅಪಘಾತ ಆದದ್ದು ಮಂಗಳೂರಿನಲ್ಲಿ. ದೂರು, ಪರಿಹಾರ ಎಲ್ಲದಕ್ಕೂ ಅಲ್ಲಿಗೇ ಅಲೆಯಬೇಕೇ?

ಪರಿಹಾರದ ಅರ್ಜಿಯನ್ನು ಅಪಘಾತ ಆದ ಜಾಗದ, ನೀವು ವಾಸಿಸುವ ಜಾಗದ ಅಥವಾ ಎದುರು ಪಕ್ಷದವರು ಇರುವ ಜಾಗದ ನ್ಯಾಯಮಂಡಳಿಯಲ್ಲಿ ಹಾಕಬಹುದು. ಅಂದರೆ ಕಾಸರಗೋಡಿನಲ್ಲೇ ಆಗುತ್ತದೆ. ಗಡಿಯ ಹತ್ತಿರ ಅಪಘಾತವಾಗಿ "ಇದು ನಮ್ಮ ಠಾಣೆಗೆ ಬರುವುದಿಲ್ಲ" ಎಂದರೆ ಝೀರೋ ಎಫ್‌ಐಆರ್ ಮಾಡಿ ಎಂದು ಕೇಳಿ. ಯಾವ ಠಾಣೆಯೂ ದೂರು ದಾಖಲಿಸಿ ನಂತರ ವರ್ಗಾಯಿಸಬಹುದು ಎಂದು ಹೊಸ ಕಾನೂನಿನಲ್ಲೇ ಇದೆ. ಎಫ್‌ಐಆರ್ ಪ್ರತಿ ಉಚಿತ. ಮಲಯಾಳದಲ್ಲಿ ಬರೆದದ್ದು ಓದಲು ಬಾರದಿದ್ದರೆ ಓದಿಸಿ, ಅರ್ಥ ಮಾಡಿಕೊಂಡ ಮೇಲೆಯೇ ಸಹಿ ಹಾಕಿ. ಗುದ್ದಿ ಓಡಿದ ಗಾಡಿ ಸಿಗದೇ ಹೋದರೂ ಸತ್ತವರ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಸರ್ಕಾರದ ನಿಧಿಯಿಂದ ಸಿಗುತ್ತದೆ.

ಗಂಡ ಸ್ಪೀಡಾಗಿ ಬಿಡುತ್ತಾರೆ. ಹೇಳಿದರೆ ಸಿಟ್ಟು. ಪಕ್ಕದಲ್ಲಿ ಕೂತವರು ಏನು ಮಾಡಬಹುದು?

ಇದನ್ನು ಕೇಳುವವರು ಹೆಚ್ಚಾಗಿ ಸ್ಕೂಟರ್ ಕಲಿಯಲು ಬರುವ ಅಕ್ಕಂದಿರು, ಅದೂ ಬೇರೆ ಯಾರೂ ಇಲ್ಲದಾಗ. ಓಡುವ ಕಾರಿನಲ್ಲಿ ಜಗಳ ಬೇಡ, ಅದರಿಂದ ಕಾಲು ಇನ್ನೂ ಒತ್ತುತ್ತದೆ. "ನನಗೆ ಹೆದರಿಕೆ ಆಗುತ್ತಿದೆ, ಸ್ವಲ್ಪ ನಿಲ್ಲಿಸಿ" ಎನ್ನಿ. "ನೀವು ಕೆಟ್ಟದಾಗಿ ಬಿಡುತ್ತೀರಿ" ಎಂದರೆ ವಾದ ಶುರುವಾಗುತ್ತದೆ, "ನನಗೆ ಹೆದರಿಕೆ" ಎಂದರೆ ವಾದಕ್ಕೆ ದಾರಿ ಇಲ್ಲ. ಮಕ್ಕಳು ಹಿಂದೆ ಇದ್ದರೆ ಮನೆಯಲ್ಲಿ, ಊಟದ ಹೊತ್ತಿಗೆ, ಗಾಡಿ ನಿಂತಿರುವಾಗ ಮಾತಾಡಿ. ಒಬ್ಬರು ಹಾಗೆ ಹೇಳಿ ಫಲ ಸಿಗದೆ, ತಾವೇ ಕಾರು ಕಲಿತು, ಈಗ ಮಂಗಳೂರಿಗೆ ಹೋಗುವಾಗ ಸ್ಟೇರಿಂಗ್ ತಾವೇ ಹಿಡಿಯುತ್ತಾರೆ. ಗಂಡ ಪಕ್ಕದಲ್ಲಿ ಕೂರುತ್ತಾರೆ.

ಡ್ರೈವಿಂಗ್ ಸ್ಕೂಲಿನವರು ನೀವು ಏನು ಕಲಿಸುತ್ತೀರಿ? ಟೆಸ್ಟಿಗೆ ಎಚ್ ಆಕಾರದಲ್ಲಿ ಗಾಡಿ ತೆಗೆಯಲು ಮಾತ್ರ ಅಲ್ಲವೇ?

ಈ ಆರೋಪದಲ್ಲಿ ಸತ್ಯ ಇದೆ. ನಾನೂ ಬಹಳ ವರ್ಷ ಎಚ್, ಎಂಟು, ಸ್ವಲ್ಪ ರಸ್ತೆ, ಟೆಸ್ಟ್ ಪಾಸು ಎಂದೇ ಕಲಿಸಿದೆ. ಕಂಬಕ್ಕೆ ತಾಗದಂತೆ ಹಿಂದೆ ತೆಗೆಯಲು ಬಂದವರು ಮನುಷ್ಯರಿಗೆ ತಾಗದಂತೆ ಮುಂದೆ ಹೋಗಲು ಕಲಿತಿದ್ದಾರೆ ಎಂದು ತಿಳಿದುಕೊಂಡಿದ್ದೆ. 2024ರಲ್ಲಿ ಕೇರಳ ಟೆಸ್ಟನ್ನು ಬಿಗಿ ಮಾಡಲು ಹೊರಟಾಗ ಸ್ಕೂಲಿನವರು ಪ್ರತಿಭಟಿಸಿದರು. ಕೆಲವು ಬೇಡಿಕೆ ನ್ಯಾಯವಾದದ್ದೇ. ಟೆಸ್ಟ್ ಬಿಗಿಯಾಗಬೇಕು ಎಂಬುದರಲ್ಲಿ ಮಾತ್ರ ನನಗೆ ಸಂಶಯ ಇಲ್ಲ. ಈಗ ಪ್ರತಿಯೊಬ್ಬರನ್ನೂ ಲೈಸೆನ್ಸ್ ಸಿಕ್ಕಿದ ಮೇಲೆ ಒಂದು ದಿನ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಅದಕ್ಕೆ ಫೀಸಿಲ್ಲ.

ಲೈಸೆನ್ಸ್ ಸಿಕ್ಕಿದೆ. ಮಂಗಳೂರಿಗೆ ಮೊದಲ ಸಲ ಒಬ್ಬರೇ ಹೋಗುವಾಗ ಏನು ನೋಡಿಕೊಳ್ಳಬೇಕು?

ಭಾನುವಾರ ಬೆಳಗ್ಗೆ ಆರೂವರೆಗೆ ಹೊರಡಿ. ಮನೆಯವರಿಗೆ ಇಂತಿಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು ಹೇಳಬೇಡಿ, ಹೇಳಿದರೆ ಗಡಿಯಾರ ನಿಮ್ಮನ್ನು ಓಡಿಸುತ್ತದೆ. ಹೈವೇಯಲ್ಲಿ ಎಡದ ಲೈನ್ ಸಾಕು. ಕೋಟೆಕಾರು ದಾಟಿದ ಮೇಲೆ ಸರ್ವಿಸ್ ರೋಡಿನಿಂದ ಸೇರುವ ಗಾಡಿಗಳನ್ನು ಎಡ ಕನ್ನಡಿಯಲ್ಲಿ ನೋಡುತ್ತಿರಿ. ನೇತ್ರಾವತಿ ಸೇತುವೆಯ ಮೇಲೆ ಗಾಳಿ, ನೀರು, ದೋಣಿ ನೋಡುವ ಆಸೆಯಾಗುತ್ತದೆ, ಇವತ್ತು ಬೇಡ. ಪಂಪ್‌ವೆಲ್‌ನಲ್ಲಿ ಫ್ಲೈಓವರ್ ಹತ್ತಬೇಕೋ ಕೆಳಗೆ ಕಂಕನಾಡಿಯ ಕಡೆಗೆ ತಿರುಗಬೇಕೋ ಎಂದು ಜೆಪ್ಪಿನಮೊಗರಿನಲ್ಲೇ ನಿರ್ಧರಿಸಿ, ಇಂಡಿಕೇಟರ್ ಹಾಕಿ, ಲೈನ್ ಹಿಡಿಯಿರಿ. ತಪ್ಪಿ ಮುಂದೆ ಹೋದರೆ ಹೋಗಿ, ಮುಂದಿನ ತಿರುವಿನಲ್ಲಿ ಸುತ್ತಿ ಬನ್ನಿ, ರಿವರ್ಸ್ ಮಾತ್ರ ಹಾಕಬೇಡಿ. ಆಸ್ಪತ್ರೆಗಳ ಮುಂದೆ ಕೈಯಲ್ಲಿ ರಿಪೋರ್ಟು ಹಿಡಿದವರು ಎತ್ತ ಕಡೆಯಿಂದಲಾದರೂ ರಸ್ತೆಗೆ ಇಳಿಯುತ್ತಾರೆ. ಅವರ ಗಮನ ಒಳಗೆ ಮಲಗಿರುವವರ ಮೇಲೆ ಇರುತ್ತದೆ, ನಿಮ್ಮ ಮೇಲೆ ಇರುವುದಿಲ್ಲ. ಅಲ್ಲಿ ಎರಡನೇ ಗೇರಿಗೆ ಬನ್ನಿ, ಕಾಲು ಬ್ರೇಕಿನ ಮೇಲಿರಲಿ. ಯಾರಾದರೂ ದಾಟಲು ನಿಂತರೆ ನಿಲ್ಲಿಸಿ. ಹಿಂದಿನವರು ಹಾರ್ನ್ ಹಾಕಿದರೆ ಹಾಕಲಿ. ದಾಟುವವರು ಆಚೆ ಬದಿ ಮುಟ್ಟಿದ ಮೇಲೆ ಕ್ಲಚ್ ಬಿಡಿ.